ಕಡಲಿಲ್ಲದ ನಾಡಿನ ಕವಡಿ

ಸವದತ್ತಿಯ ಎಲ್ಲಮ್ಮನ ಗುಡ್ಡದಿಂದ ಕಾರವಾರದ ಕಡಲಿಗೆ ಕಾಗೆ ಹಾರಿದ ದಾರಿಯಲ್ಲೇ ನೂರು ಕಿಲೋಮೀಟರಿಗೂ ಹೆಚ್ಚು. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಬೈಲಹೊಂಗಲದ ಎರಿ ಹೊಲ, ಕಿತ್ತೂರಿನ ಕೋಟೆ, ರಾಮದುರ್ಗದ ಮಗ್ಗದ ಓಣಿ, ಯಾವುದಕ್ಕೂ ಉಪ್ಪುನೀರಿನ ಗಾಳಿ ತಾಕುವುದಿಲ್ಲ. ಆದರೂ ಈ ಸೀಮೆಯ ಮಾತಿನಲ್ಲಿ ಕಡಲ ಪ್ರಾಣಿಯೊಂದರ ಚಿಪ್ಪು ನೆಂಟನಂತಲ್ಲ, ಮನೆಯವನಂತೆಯೇ ಓಡಾಡಿಕೊಂಡಿದೆ. ಕಾರಹುಣ್ಣಿಮೆಗೆ ಎತ್ತಿನ ಕೊರಳಿಗೆ ಕವಡಿ ಸರ. ಗೊಂಧಳಿಗರ ಕೊರಳಲ್ಲಿ ಕವಡಿ ಮಾಲೆ. ಗುಡಿಯ ಕಟ್ಟೆಯ ಮೇಲೆ ಚೌಕಾಬಾರದ ಮನೆ ಗೀಚಿ ಕೂತವರ ಕೈಯಲ್ಲಿ ನಾಲ್ಕು ಕವಡಿ. ಪೇಟೆಯಲ್ಲಿ ಒಬ್ಬನ ಮಾತು ನಂಬುವಂಥದ್ದಲ್ಲ ಎಂದರೆ ‘ಅದಕ್ಕ ಕವಡಿ ಕಿಮ್ಮತ್ತಿಲ್ಲ’. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಕಿತ್ತೂರು, ಬೈಲಹೊಂಗಲದ ದಾರಿ ಹಿಡಿದು ಚಕ್ಕಡಿಗಳು ಉಧೋ ಉಧೋ ಎನ್ನುತ್ತ ಗುಡ್ಡದ ಕಡೆ ಹೊರಡುತ್ತವೆ. ಅಲ್ಲಿ ಜೋಗತಿಯರ ಮೈಮೇಲೆ ಕಾಣುವಷ್ಟು ಕವಡಿ ನಮ್ಮ ಕರಾವಳಿಯ ಯಾವ ಮೀನುಗಾರನ ಮನೆಯಲ್ಲೂ ಕಾಣದು.

ಬೆಂಗಳೂರು, ಮೈಸೂರಿನವರಿಗೆ ಅದು ಕವಡೆ. ನಮ್ಮ ಕಡೆ ಕವಡಿ. ಹೆಗಲ ಮೇಲೆ ಹೊರುವ ಕಾವಡಿಗೂ ಇದಕ್ಕೂ ಸಂಬಂಧವಿಲ್ಲ. ಅದು ‘ಕಾ’ ಎಂಬ ದ್ರಾವಿಡ ಬೇರಿನಿಂದ ಬಂದ ಹೊರೆಗೋಲು. ಕವಡಿ ಹಾಗಲ್ಲ, ಅದು ಉತ್ತರದಿಂದ ಇಳಿದು ಬಂದ ಪದ. ಸಂಸ್ಕೃತದಲ್ಲಿ ಕಪರ್ದ, ಕಪರ್ದಿಕಾ. ಪ್ರಾಕೃತದ ಬಾಯಿಗೆ ಬಿದ್ದು ಕವಡ್ಡ, ಕವಡ್ಡಿಆ. ಕನ್ನಡದಲ್ಲಿ ಒತ್ತು ಕಳಚಿ ಕವಡಿ, ಕವಡೆ. ಈ ಬದಲಾವಣೆಗಳು ಮನಸ್ಸಿಗೆ ಬಂದಂತೆ ಆದವಲ್ಲ. ಎರಡು ಸ್ವರಗಳ ನಡುವಿನ ಪಕಾರ ವಕಾರವಾಗುವುದನ್ನು ದೀಪಾವಳಿ ದೀವಳಿಗೆಯಾದಾಗ ಕೇಳಿದ್ದೇವೆ. ರೇಫದ ಜೊತೆಗಿನ ದಂತ್ಯಾಕ್ಷರ ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಡಕಾರವಾಗುವುದು ವರ್ಧಕಿ ಬಡಗಿಯಾದಲ್ಲಿದೆ. ಇಂಥ ತದ್ಭವಗಳಿಗೆ 13ನೆಯ ಶತಮಾನದಲ್ಲೇ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಒಂದು ಇಡೀ ಪ್ರಕರಣವನ್ನು ಮೀಸಲಿಟ್ಟ. ಮರಾಠಿಯಲ್ಲೂ ಅದು ಕವಡಿಯೇ. ಹಿಂದಿಗೆ ಹೋಗಿ ಕೌಡಿ, ಒಡಿಯಾದಲ್ಲಿ ಕಉಡಿ. 17ನೆಯ ಶತಮಾನದಲ್ಲಿ ಆ ಕೌಡಿಯನ್ನೇ ಇಂಗ್ಲಿಷರು ಕೌರಿ ಎಂದು ಹಡಗಿಗೆ ಹತ್ತಿಸಿಕೊಂಡರು.

ಇಷ್ಟು ನಿಘಂಟಿನ ಕೆಲಸ. ನಿಜವಾದ ತೊಡಕು ಕಪರ್ದದ ಅರ್ಥದಲ್ಲಿದೆ. ಋಗ್ವೇದದಲ್ಲಿ ಕಪರ್ದ ಎಂದರೆ ಚಿಪ್ಪಲ್ಲ, ಕೂದಲು. ರುದ್ರ ಕಪರ್ದೀ, ಪೂಷನ್ ಕೂಡ ಕಪರ್ದೀ. ಹೆಣೆದು ಸುತ್ತಿದ ಜಡೆಯವರು ಎಂದರ್ಥ. ವಸಿಷ್ಠ ಕುಲದವರು ಆ ಜಡೆಯನ್ನು ಬಲಗಡೆಗೆ ಕಟ್ಟುತ್ತಿದ್ದರೆಂದು ಏಳನೆಯ ಮಂಡಲದಲ್ಲಿದೆ. ಹತ್ತನೆಯ ಮಂಡಲದಲ್ಲಿ ನಾಲ್ಕು ಕಪರ್ದದ ಯುವತಿಯೊಬ್ಬಳು ಬರುತ್ತಾಳೆ. ಅಮರಕೋಶ ಶಿವನ ಜಟಾಜೂಟಕ್ಕೇ ಕಪರ್ದ ಎಂಬ ಹೆಸರು ಕೊಟ್ಟಿದೆ. ಚಿಪ್ಪು, ಜೂಜಿನ ಕಾಯಿ, ಕಾಸು ಎಂಬ ಅರ್ಥಗಳು ಬರಹದಲ್ಲಿ ಕಾಣಿಸಿಕೊಳ್ಳುವುದು ಆಮೇಲೆ. ಕವಡೆಯ ಆಕಾರದಲ್ಲಿ ಕಟ್ಟಿದ ಜಡೆಯಾದ್ದರಿಂದ ಕಪರ್ದ ಎಂದು ಕೋಶಕಾರರು ವಿವರಿಸುತ್ತಾರೆ. ಎಂದರೆ ಚಿಪ್ಪು ಮೊದಲು, ಜಡೆ ಆಮೇಲೆ. ಪುಸ್ತಕದ ಸಾಕ್ಷ್ಯ ಮಾತ್ರ ಇದಕ್ಕೆ ತಿರುಗುಮುರುಗು. ಪದದ ಬೇರು ಸಂಸ್ಕೃತಕ್ಕೂ ಹೊರಗಿನದಿರಬಹುದೆಂಬ ವಾದವೂ ಇದೆ. ವಾದ ಯಾವ ಕಡೆ ತೀರ್ಮಾನವಾದರೂ ಒಂದು ಮಾತು ಉಳಿಯುತ್ತದೆ: ಪದ ಅಂಟಿಕೊಂಡದ್ದು ವಸ್ತುವಿಗಿಂತ ಹೆಚ್ಚಾಗಿ ಆಕಾರಕ್ಕೆ. ಸುತ್ತಿಕೊಂಡದ್ದು, ಸುರುಳಿಯಾದದ್ದು, ಹೆಣೆದದ್ದು ಕಪರ್ದ.

ಸವದತ್ತಿಯ ಗುಡ್ಡದಲ್ಲಿ ನಿಂತು ಇದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಎಲ್ಲಮ್ಮನ ಭಕ್ತರಲ್ಲಿ ಎರಡು ಗುರುತುಗಳಿಗೆ ದೊಡ್ಡ ಮಾನ. ಒಂದು ತಲೆಯಲ್ಲಿ ತಾನಾಗಿ ಗಂಟುಕಟ್ಟಿ ಇಳಿಬೀಳುವ ಜಡೆ. ಅಮ್ಮ ಮೈಮೇಲೆ ಬಂದ ಗುರುತೆಂದು ಅದಕ್ಕೆ ಕತ್ತರಿ ತಾಕಿಸುವುದಿಲ್ಲ, ಭಂಡಾರ ಹಚ್ಚಿ ಪೂಜಿಸುತ್ತಾರೆ. ಇನ್ನೊಂದು ಕೊರಳಿನ ಕವಡಿ ಸರ. ಋಗ್ವೇದದ ಕಪರ್ದವೂ ಸಂತೆಯ ಕಪರ್ದಿಕೆಯೂ ಒಂದೇ ಮೈಮೇಲೆ ಕೂಡಿದ್ದು ಇಲ್ಲಿ. ಯಾವ ಪಂಡಿತರೂ ಜೋಗತಿಗೆ ವ್ಯುತ್ಪತ್ತಿ ಹೇಳಿಕೊಟ್ಟಿರಲಿಕ್ಕಿಲ್ಲ. ಇದು ಹಳೆಯ ಶೈವ, ಶಾಕ್ತ ಪಂಥಗಳ ವೇಷದ ಉಳಿಕೆಯೋ, ಬರೀ ಕಾಕತಾಳೀಯವೋ ಎಂದು ಪಟ್ಟು ಹಿಡಿಯುವ ಉಮೇದು ನನಗಿಲ್ಲ. ಒಂದು ಪದದ ಎರಡು ಅರ್ಥ ಹೀಗೆ ಕಣ್ಣೆದುರು ಕೂಡಿ ನಿಲ್ಲುವುದು ಅಪರೂಪ ಎಂದಷ್ಟೇ ಹೇಳಬಲ್ಲೆ.

ವಿಸ್ಮಯಪಟ್ಟು ಸುಮ್ಮನಾಗುವಂತೆಯೂ ಇಲ್ಲ. ಕವಡಿ ಸರದ ಪಕ್ಕದಲ್ಲೇ ಇನ್ನೊಂದು ಸರವಿತ್ತು, ಕೆಂಪು ಬಿಳಿ ಮಣಿಗಳದ್ದು. ಅದನ್ನು ಮುತ್ತು ಎನ್ನುತ್ತಾರೆ. ಅದೂ ಕಡಲಿನ ಪದವೇ. ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರ ಬಾಳು ಏನಾಯಿತೆಂಬುದು ಬೆಳಗಾವಿ ಸೀಮೆಗೆ ಚೆನ್ನಾಗಿ ಗೊತ್ತು. ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆ ಕಾಯ್ದೆ ಬಂದಿತ್ತು. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಜಡೆ ಕತ್ತರಿಸುವ ಅಭಿಯಾನಗಳೂ ನಡೆದಿವೆ. ಪದಕ್ಕೆ ಆಯಸ್ಸು ಹೆಚ್ಚು, ಪದ್ಧತಿಗೂ ಅಷ್ಟೇ ಆಯಸ್ಸು ಸಿಗಬೇಕಿಲ್ಲ.

ಈಗ ಆಕಾರದ ಮಾತಿಗೆ ಬರೋಣ. ಬೆಳೆದ ಕವಡೆಯನ್ನು ಅಂಗೈಯಲ್ಲಿಟ್ಟು ನೋಡಿದರೆ ಸುರುಳಿ ಎಲ್ಲೂ ಕಾಣದು. ಬೆನ್ನು ನುಣ್ಣಗೆ ಉಬ್ಬಿದೆ. ಹೊಟ್ಟೆಯ ಕಡೆ ಉದ್ದ ಸೀಳು, ಅದರ ಎರಡೂ ದಡಕ್ಕೆ ಹಲ್ಲು. ಹೆಣಿಗೆಯಂತೆ ಕಾಣುವ ಆ ಹಲ್ಲಿನ ಸಾಲೇ ಜಡೆಯ ನೆನಪು ತಂದಿರಬೇಕು ಎನ್ನುವವರಿದ್ದಾರೆ. ಆದರೆ ಸುರುಳಿ ನಿಜವಾಗಿಯೂ ಒಳಗಿದೆ. ಕವಡೆಯೂ ಬಸವನಹುಳುವಿನ ಬಳಗದ್ದೇ. ಎಳೆಯ ಪ್ರಾಯದಲ್ಲಿ ಅದರ ಚಿಪ್ಪು ತೆಳ್ಳಗೆ, ತುದಿಯಲ್ಲಿ ಸುರುಳಿ ಕಾಣುವಂತೆ, ಬಾಯಿ ಅಗಲವಾಗಿ ಇರುತ್ತದೆ. ಪ್ರಾಯಕ್ಕೆ ಬಂದಾಗ ಕೊನೆಯ ಸುತ್ತು ಹಿಂದಿನ ಸುತ್ತುಗಳನ್ನೆಲ್ಲ ನುಂಗಿ ಮುಚ್ಚುತ್ತದೆ, ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡು ಹಲ್ಲು ಮೂಡುತ್ತದೆ. ಅಲ್ಲಿಂದಾಚೆ ಕವಡೆ ಉದ್ದವಾಗುವುದಿಲ್ಲ, ದಪ್ಪವಾಗುತ್ತದೆ ಅಷ್ಟೇ. ಪ್ರಾಣಿ ತನ್ನ ಮೈಪದರವನ್ನು ಚಿಪ್ಪಿನ ಹೊರಗೂ ಹೊದ್ದುಕೊಂಡು ಒಂದೊಂದೇ ಲೇಪ ಕೊಡುತ್ತ ಹೋಗುವುದರಿಂದ ಆ ಹೊಳಪು. ಇಟಲಿಯವರು ಕವಡೆಯನ್ನು ಪೊರ್ಸೆಲ್ಲಾನಾ ಎನ್ನುತ್ತಿದ್ದರು. ಚೀನಾದ ಪಿಂಗಾಣಿ ಯೂರೋಪಿಗೆ ಬಂದಾಗ ಅದರ ಹೊಳಪನ್ನು ನೋಡಿ ಅದಕ್ಕೂ ಅದೇ ಹೆಸರಿಟ್ಟರು.

ಇದಕ್ಕೂ ಮೊದಲಿನ ಅಧ್ಯಾಯ ಬರಿಗಣ್ಣಿಗೆ ಕಾಣುವುದಿಲ್ಲ. ಹೆಣ್ಣು ಕವಡೆ ಮೊಟ್ಟೆಯ ಗೊಂಚಲಿಟ್ಟು ಅದರ ಮೇಲೆ ಕಾವಲು ಕೂರುತ್ತದೆ. ಒಡೆದು ಬಂದ ಮರಿಗಳು ಮಿಲಿಮೀಟರಿನ ಒಂದು ಪಾಲಿನಷ್ಟಿದ್ದು, ರೋಮದ ರೆಕ್ಕೆ ಬಡಿಯುತ್ತ ನೀರಲ್ಲಿ ತೇಲುತ್ತವೆ. ಬೆನ್ನಿನ ಮೇಲೆ ಆಗಲೇ ಒಂದು ಪುಟಾಣಿ ಸುರುಳಿ ಚಿಪ್ಪು ಇರುತ್ತದೆ. ಅಂದರೆ ಕವಡೆ ತನ್ನ ಬಾಲ್ಯವನ್ನು ಪ್ಲಾಂಕ್ಟನ್ ಆಗಿ ಕಳೆಯುತ್ತದೆ. ನೀರು ಕೊಚ್ಚಿದತ್ತ ಹೋಗುವ, ಎದುರು ಈಜಲಾರದ ಸಣ್ಣ ಜೀವಿಗಳಿಗೆ 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸೆನ್ ಗ್ರೀಕಿನಿಂದ ಕೊಟ್ಟ ಹೆಸರದು, ಅಲೆಮಾರಿ ಎಂದರ್ಥ. ಆ ಅಲೆಮಾರಿ ದಿನಗಳಲ್ಲಿ ನೀರು ಎಷ್ಟು ಬೆಚ್ಚಗಿತ್ತು, ಮೇವು ಎಷ್ಟಿತ್ತು, ಸುಣ್ಣ ಕಟ್ಟಲು ಬೇಕಾದ ಕಾರ್ಬೊನೇಟ್ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಅದು ಬದುಕುತ್ತದೋ ಸಾಯುತ್ತದೋ ನಿಂತಿದೆ. ಬಂಡೆಗೆ ಹತ್ತಿದ ಮೇಲೂ ಅಷ್ಟೇ: ಎಷ್ಟು ಬೆಳೆದು ಬಾಯಿ ಮಡಿಸುತ್ತದೆ ಎಂಬುದು ಊರಿಂದೂರಿಗೆ ಬೇರೆ. ಒಂದೇ ಜಾತಿಯ ದುಡ್ಡಿನ ಕವಡೆ ಒಂದು ಕಡೆ ಒಂದು ಸೆಂಟಿಮೀಟರಿಗೆ ನಿಂತರೆ ಇನ್ನೊಂದು ಕಡೆ ನಾಲ್ಕು ಸೆಂಟಿಮೀಟರ್ ಮುಟ್ಟುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದಲ್ಲಿ ಕೆಲವು ಕವಡೆಗಳು ಕಪ್ಪಾಗಿ, ಮೂತಿ ಉದ್ದವಾಗಿ ಬೆಳೆಯುತ್ತವೆ. ಅಲ್ಲಿನ ನೆಲದ ನಿಕಲ್ ಲೋಹ ಕಡಲಿಗೆ ಸೇರುವುದೇ ಕಾರಣವಿರಬಹುದೆಂದು ಹೇಳುತ್ತ ಬಂದಿದ್ದಾರೆ.

ಬಾಲ್ಯದಲ್ಲಷ್ಟೇ ಅಲ್ಲ, ಬಾಳೆಲ್ಲ ಅಲೆಮಾರಿಯಾಗಿಯೇ ಇದ್ದು ಸುರುಳಿ ಚಿಪ್ಪು ಕಟ್ಟುವ ಜೀವಿಗಳು ಇನ್ನೊಂದು ಕುಲದಲ್ಲಿವೆ: ಫೊರಾಮಿನಿಫೆರಾ. ಪ್ರಾಣಿ ಎನ್ನಲೂ ಬಾರದ ಏಕಕೋಶಿಗಳು ಇವು. ಚಿಪ್ಪಿನಲ್ಲಿ ತೂತು, ಅದಕ್ಕೇ ಆ ಹೆಸರು. ತೇಲಾಡುವ ಜಾತಿಗಳು ಇಂದು ಸುಮಾರು 50. ಒಂದೊಂದೂ ಮರಳಿನ ಕಣದಷ್ಟು. ಕೋಣೆಯ ಮೇಲೆ ಕೋಣೆ ಕಟ್ಟುತ್ತ ಸುತ್ತು ಹಾಕುತ್ತವೆ. ಸುತ್ತು ಯಾವ ಕಡೆಗೆ ಎಂಬುದನ್ನು ಹೇಳಲು ಕನ್ನಡಕ್ಕೆ ಪದ ಹುಡುಕಬೇಕಾಗಿಲ್ಲ, ಶಂಖದ ಪುಣ್ಯದಿಂದ ಬಲಮುರಿ, ಎಡಮುರಿ ಇವೆ. ನಿಯೊಗ್ಲೊಬೊಕ್ವಾಡ್ರಿನಾ ಪ್ಯಾಕಿಡರ್ಮಾ ಎಂಬ ನಾಲಿಗೆ ಹೊರಳಿಸುವ ಹೆಸರಿನ ಫೊರಾಮ್ ತಣ್ಣೀರಿನಲ್ಲಿ ಎಡಮುರಿ, ಬೆಚ್ಚನೆ ನೀರಿನಲ್ಲಿ ಬಲಮುರಿ ಎಂದು 1959ರಲ್ಲಿ ಡೇವಿಡ್ ಎರಿಕ್ಸನ್ ತೋರಿಸಿದ. ಕಡಲತಳದ ಕೆಸರಿನಲ್ಲಿ ಎಡಬಲ ಎಣಿಸಿ ಹಿಮಯುಗ ಯಾವಾಗ ಬಂತು, ಯಾವಾಗ ಹೋಯಿತು ಎಂದು ಓದುವುದು ಆಮೇಲೆ ರೂಢಿಯಾಯಿತು. ನೀರೇ ಚಿಪ್ಪನ್ನು ಎಡಕ್ಕೋ ಬಲಕ್ಕೋ ತಿರುಚುತ್ತದೆ ಎಂಬ ಚಂದದ ಕಥೆ ಬಹಳ ಕಾಲ ನಡೆಯಿತು. ಅನುವಂಶೀಯ ಪರೀಕ್ಷೆ ಬಂದಾಗ ಗೊತ್ತಾದದ್ದು ಬೇರೆ: ಎಡಮುರಿಯೂ ಬಲಮುರಿಯೂ ಎರಡು ಬೇರೆ ಜಾತಿಗಳು. ಬಲಮುರಿಗೆ 2006ರಲ್ಲಿ ಇನ್‌ಕಾಂಪ್ಟಾ ಎಂಬ ಹೆಸರು ನಿಗದಿಯಾಯಿತು. ನೀರು ಇಲ್ಲಿ ಶಿಲ್ಪಿಯಲ್ಲ, ಯಾರು ಇರಬೇಕೆಂದು ಆರಿಸುವ ಯಜಮಾನ. ಎಣಿಕೆಯ ಲೆಕ್ಕ ಮಾತ್ರ ಮೊದಲಿನಂತೆಯೇ ಉಪಯೋಗಕ್ಕೆ ಬರುತ್ತದೆ.

ನೀರು ನೇರವಾಗಿ ಕೈಹಾಕುವುದೂ ಇರಬಹುದು. ಆರ್ಬುಲಿನಾ ಯೂನಿವರ್ಸಾ ಎಂಬ ಗುಂಡನೆಯ ಫೊರಾಮ್ ಹಿಂದೂ ಮಹಾಸಾಗರದ ಬೆಚ್ಚನೆಯ ಪಟ್ಟಿಯಲ್ಲಿ ದೊಡ್ಡದು, ತೂತೂ ಹೆಚ್ಚು. ದಕ್ಷಿಣದ ತಂಪಿಗೆ ಹೋದಂತೆ ಅದರ ಗಾತ್ರ ಕುಗ್ಗುತ್ತದೆ.

ನಮ್ಮ ಹೊಸ್ತಿಲಿಗೆ ಹತ್ತಿರದ ಕಥೆ ಕಾರವಾರದ್ದು. ಗೋವೆಯ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 1966ರಲ್ಲಿ ಶುರುವಾದದ್ದು. ಅಲ್ಲಿನ ರಾಜೀವ ನಿಗಮ್ ಮತ್ತು ಸಂಗಡಿಗರು ಕಾಳಿ ನದಿ ಕಡಲು ಸೇರುವ ಕಾರವಾರದ ಎದುರಿನ ಆಳವಿಲ್ಲದ ತಳದಿಂದ ಕೆಸರಿನ ಕಂಬವೊಂದನ್ನು ಮೇಲೆತ್ತಿ, ಪದರ ಪದರವಾಗಿ ಫೊರಾಮ್ ಚಿಪ್ಪುಗಳನ್ನು ಅಳೆದರು. ಇವು ತೇಲುವ ಜಾತಿಯಲ್ಲ, ತಳದಲ್ಲಿ ಕೂರುವವು. ಅವರು ಹೆಚ್ಚು ನೋಡಿದ್ದು ರೊಟಾಲಿಡಿಯಂ ಆ್ಯನೆಕ್ಟೆನ್ಸ್ ಎಂಬ ಜಾತಿಯನ್ನು. ಸುರುಳಿಯ ನಟ್ಟನಡುವೆ ಇರುವ ಮೊಟ್ಟಮೊದಲ ಕೋಣೆ ಎಷ್ಟು ದೊಡ್ಡದು ಎಂಬುದು ಅವರ ಅಳತೆ. ಈ ಜೀವಿಗೆ ಸಂತಾನದ ದಾರಿ ಎರಡು. ಲೈಂಗಿಕ ಕೂಡಿಕೆಯಿಂದ ಹುಟ್ಟಿದವಕ್ಕೆ ಮೊದಲ ಕೋಣೆ ಚಿಕ್ಕದು, ಕೂಡಿಕೆಯಿಲ್ಲದೆ ತಾಯಿ ಒಡೆದು ಹುಟ್ಟಿದವಕ್ಕೆ ದೊಡ್ಡದು. ಯಾವ ದಾರಿ ಹಿಡಿಯಬೇಕೆಂಬುದು ನೀರಿನ ಬಿಸಿ ಮತ್ತು ಉಪ್ಪನ್ನು ಅವಲಂಬಿಸುತ್ತದೆ. ಮಳೆ ಜೋರಾಗಿ ಕಾಳಿ ತುಂಬಿ ಹರಿದ ವರ್ಷ ಕಾರವಾರದ ಕಡಲು ಸಪ್ಪೆಯಾಗುತ್ತದೆ, ಬರಗಾಲದಲ್ಲಿ ಉಪ್ಪೇರುತ್ತದೆ. ಹೀಗೆ ಚಿಪ್ಪಿನ ಮೊದಲ ಕೋಣೆಯಿಂದ ಮಳೆಯ ಚರಿತ್ರೆ ಓದಿ, ಸುಮಾರು 77 ವರ್ಷಕ್ಕೊಮ್ಮೆ ಮಳೆ ಸೊರಗುವ ಚಕ್ರವೊಂದನ್ನು ಅವರು ಗುರುತಿಸಿದರು. ಆ ಪ್ರಬಂಧ 1995ರಲ್ಲಿ ಬಂತು.

ಇದರಲ್ಲಿ ಸವದತ್ತಿಗೇನು ಸಂಬಂಧ ಎಂದರೆ, ಮೋಡದ ಸಂಬಂಧ. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಕಡೆ, ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಎರಡೂ ಸಹ್ಯಾದ್ರಿಯ ಒಂದೇ ಅಂಚು, ಒಂದೇ ಮುಂಗಾರು. ಒಂದು ಪಡುವಣಕ್ಕೆ ಇಳಿಯಿತು, ಇನ್ನೊಂದು ಮೂಡಣಕ್ಕೆ ಹರಿದು ಬೈಲಹೊಂಗಲ ಸೀಮೆ ದಾಟಿ, ಸವದತ್ತಿಯ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಂತು, ರಾಮದುರ್ಗವನ್ನು ಹಾಯ್ದು ಕೂಡಲಸಂಗಮಕ್ಕೆ ಹೋಯಿತು. ರೇಣುಕಾಸಾಗರ ತಳ ಕಾಣುವ ವರ್ಷ ಬಹುಮಟ್ಟಿಗೆ ಕಾರವಾರದ ಕಡಲು ಉಪ್ಪೇರುವ ವರ್ಷವೂ ಹೌದು. ಹಿಂಗಾರಿ ಜೋಳದ ತೆನೆ ತುಂಬಲಿಲ್ಲವೆಂದು ಇಲ್ಲಿ ರೈತ ಲೆಕ್ಕ ಹಾಕುವಾಗ ಅಲ್ಲಿ ಕಣ್ಣಿಗೆ ಕಾಣದ ಚಿಪ್ಪಿನೊಳಗೆ ಅದೇ ಲೆಕ್ಕ ಬರೆದಾಗಿರುತ್ತದೆ.

ಗುಡ್ಡವೇ ಒಂದು ಕಾಲಕ್ಕೆ ಕಡಲತಳವಾಗಿತ್ತೆಂಬುದು ಇನ್ನೊಂದು ಮಾತು. ಸವದತ್ತಿ, ರಾಮದುರ್ಗದ ಕಡೆಯ ಕಲ್ಲು ಭೂವಿಜ್ಞಾನಿಗಳು ಕಲಾದಗಿ ಎನ್ನುವ ಸಮೂಹದ್ದು. ನೂರು ಕೋಟಿ ವರ್ಷಕ್ಕೂ ಹಿಂದಿನ ಆಳವಿಲ್ಲದ ಕಡಲಿನ ಮರಳು ಗಟ್ಟಿಯಾಗಿ ಆದ ಬಿಳಿಗಲ್ಲು ಅದು. ಅದನ್ನು ಕೊರೆದೇ ಮಲಪ್ರಭೆ ನವಿಲುತೀರ್ಥದ ಕಂದರ ಮಾಡಿಕೊಂಡಿದ್ದಾಳೆ. ಇದೇ ಸಮೂಹದ ಸುಣ್ಣಗಲ್ಲು ಲೋಕಾಪುರದ ಕಡೆ ಸಿಗುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಗುರುತುಗಳೂ ಇವೆ. ಆದರೆ ಎಷ್ಟು ಹುಡುಕಿದರೂ ಒಂದು ಚಿಪ್ಪು ಸಿಗುವುದಿಲ್ಲ. ಆ ಕಡಲಿನಲ್ಲಿ ಚಿಪ್ಪಿನ ಪ್ರಾಣಿ ಇನ್ನೂ ಹುಟ್ಟಿರಲೇ ಇಲ್ಲ. ಅವು ಬಂದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಗುಡ್ಡದ ಮೇಲಿನ ಕವಡಿ ಪೂರಾ ಪರದೇಶಿ.

ಹಾಗಾದರೆ ಎಲ್ಲಿಂದ ಬಂತು? ಹಳೆಯ ವ್ಯಾಪಾರದ ದೊಡ್ಡ ಕಣಜವೆಂದರೆ ಮಾಲ್ಡೀವ್ಸ್, ಅದರ ಪಕ್ಕದಲ್ಲಿ ಲಕ್ಷದ್ವೀಪ. ಲಕ್ಷದ್ವೀಪದ ಉತ್ತರದ ಅಮಿನಿದಿವಿ ದ್ವೀಪಗಳು 1956ರವರೆಗೆ ಮಂಗಳೂರಿನ ಜಿಲ್ಲಾ ಕಚೇರಿಯ ಆಡಳಿತದಲ್ಲೇ ಇದ್ದವು ಎಂಬುದು ಕನ್ನಡಿಗರು ಮರೆತ ಸಂಗತಿ. 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರವನ್ನೂ ಕಂಡು ಮಾಲ್ಡೀವ್ಸಿನಲ್ಲಿ ಕಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತಾ ಕವಡೆಯ ಕಸುಬನ್ನು ವಿವರಿಸಿದ್ದಾನೆ. ಕಡಲಿಂದ ಆಯ್ದು ತಂದು ಗುಂಡಿಯಲ್ಲಿ ಹೂಳುತ್ತಾರೆ, ಮಾಂಸ ಕೊಳೆತು ಹೋಗಿ ಬಿಳಿ ಚಿಪ್ಪು ಉಳಿಯುತ್ತದೆ, ಅದನ್ನು ಬಂಗಾಳಕ್ಕೆ ಕೊಟ್ಟು ಅಕ್ಕಿ ತರುತ್ತಾರೆ. ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದಿನಾರ್. ಕೆಲವೊಮ್ಮೆ ಹನ್ನೆರಡು ಲಕ್ಷ ಕೊಟ್ಟರೂ ಅಷ್ಟೇ.

ಬೇರೆ ನಾಣ್ಯಗಳನ್ನು ಟಂಕಸಾಲೆಯಲ್ಲಿ ರಾಜ ಅಳೆದು ಹೊಡೆಸುತ್ತಿದ್ದ. ಕವಡೆಯ ಟಂಕಸಾಲೆ ಕಡಲು, ಗಾತ್ರವನ್ನೂ ಕಡಲೇ ಗೊತ್ತುಮಾಡುತ್ತಿತ್ತು. ಕಳ್ಳನಾಣ್ಯ ಮಾಡುವ ಹಾಗಿಲ್ಲ, ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ತೂಕ? ಮಾಲ್ಡೀವ್ಸಿನ ಕವಡೆ ಸಣ್ಣದು. ಒಂದು ಹಡಗಿನಲ್ಲಿ, ಒಂದು ಎತ್ತಿನ ಹೇರಿನಲ್ಲಿ ಹೆಚ್ಚು ಸಂಖ್ಯೆಯವು ಹಿಡಿಯುತ್ತವೆ. ಎಣಿಸಿ ಕೊಡುವ ದುಡ್ಡಿಗೆ ಸಣ್ಣದೇ ಲಾಭ. ಮಾಲ್ಡೀವ್ಸಿಗೆ ಶತಮಾನಗಳ ಕಾಲ ಪೈಪೋಟಿಯಿಲ್ಲದೆ ಹೋದದ್ದರಲ್ಲಿ ಈ ಸಣ್ಣತನದ ಪಾಲು ದೊಡ್ಡದು. ಡಚ್ಚರೂ ಇಂಗ್ಲಿಷರೂ ಇದೇ ಕವಡೆಯನ್ನು ಟನ್ನುಗಟ್ಟಲೆ ಯೂರೋಪಿಗೊಯ್ದು, ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ತಂದು ಮನುಷ್ಯರನ್ನು ಕೊಂಡರು. ಗುಲಾಮಗಿರಿಯ ಲೆಕ್ಕದ ಪುಸ್ತಕದಲ್ಲಿ ಕವಡೆ ಪ್ರಾಣಿಯ ಚಿಪ್ಪಲ್ಲ, ಮನುಷ್ಯನ ಬೆಲೆ. 19ನೆಯ ಶತಮಾನದ ನಡುವಿನಲ್ಲಿ ಜರ್ಮನ್ ವ್ಯಾಪಾರಿಗಳು ಜಂಜಿಬಾರಿನ ಇನ್ನೊಂದು ಜಾತಿಯನ್ನು ಸುರಿಯತೊಡಗಿದರು. ಬೆನ್ನ ಮೇಲೆ ಕಿತ್ತಳೆ ಬಣ್ಣದ ಉಂಗುರವಿರುವ ಅದು ಆನುಲಸ್. ದೊಡ್ಡದು, ಭಾರದ್ದು, ಆದರೆ ಅಗ್ಗ. ಆಫ್ರಿಕದ ಪೇಟೆಗಳಲ್ಲಿ ಕವಡೆಯ ಬೆಲೆ ಕುಸಿದುಬಿತ್ತು.

ಲೀನಿಯಸ್ 1758ರಲ್ಲಿ ದುಡ್ಡಿನ ಕವಡೆಗೆ ಮೊನೆಟಾ ಎಂದು ಹೆಸರಿಟ್ಟಾಗ ಅದು ನಿಜವಾಗಿ ಚಲಾವಣೆಯಲ್ಲಿತ್ತು. ಬಂಗಾಳದ ಸಿಲ್ಹೆಟ್‌ನಲ್ಲಿ 18ನೆಯ ಶತಮಾನದ ಕೊನೆಗೆ ಕಂದಾಯವನ್ನೇ ಕವಡೆಯಲ್ಲಿ ಕಟ್ಟುತ್ತಿದ್ದರು, ರೂಪಾಯಿಗೆ 5,120 ಕವಡೆಯ ಲೆಕ್ಕದಲ್ಲಿ. ಒಡಿಶಾದಲ್ಲಿ ಕಂಪನಿ ಸರಕಾರ ಕವಡೆಯ ಕಂದಾಯ ನಿಲ್ಲಿಸಿ ಬೆಳ್ಳಿಯೇ ಬೇಕೆಂದದ್ದು 1817ರ ಪೈಕ ಬಂಡಾಯಕ್ಕೆ ಒಂದು ಕಾರಣ. ಅದು ಕಿತ್ತೂರಿನಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಬೀಳುವುದಕ್ಕೆ ಏಳು ವರ್ಷ ಮೊದಲು. ಕಿತ್ತೂರಿನ ಜಗಳದಲ್ಲಿ ಕವಡೆಯಿಲ್ಲ. ನಮ್ಮ ಕಡೆ ಹೊನ್ನು, ಹಣ, ರೂಪಾಯಿಗಳ ವ್ಯವಹಾರ. ಕವಡೆ ಎಂದೂ ಪೇಟೆಯ ದೊರೆಯಾಗಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಜಾಗವಿತ್ತು. ವಿಜಯಪುರದವನೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಭಾಸ್ಕರಾಚಾರ್ಯ 12ನೆಯ ಶತಮಾನದ ಲೀಲಾವತಿಯನ್ನು ಶುರುಮಾಡುವುದೇ ಈ ಕೋಷ್ಟಕದಿಂದ: 20 ವರಾಟಕಕ್ಕೆ ಒಂದು ಕಾಕಿಣಿ, ನಾಲ್ಕು ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ. ವರಾಟಕ ಎಂದರೂ ಕವಡೆಯೇ. ಹಂದಿಯ ಮುದ್ರೆಯ ವರಹ ಬೇರೆ, ಈ ವರಾಟ ಬೇರೆ. ಎರಡನ್ನೂ ಬೆರೆಸಿ ಬರೆದವರನ್ನು ಕಂಡಿದ್ದೇನೆ.

ಕನ್ನಡದ ಗಾದೆಮಾತು ಈ ಇತಿಹಾಸವನ್ನು ತನ್ನದೇ ರೀತಿಯಲ್ಲಿ ಉಳಿಸಿಕೊಂಡಿದೆ. ಬಂಗಾಳದಲ್ಲಿ ಕವಡೆ ಎಂದರೆ ದುಡ್ಡು. ನಮ್ಮಲ್ಲಿ ‘ಕವಡೆ ಕಾಸು’ ಎಂದರೆ ದುಡ್ಡಲ್ಲದ ದುಡ್ಡು, ಸೊನ್ನೆಯ ಮೇಲಿನ ಮೊದಲ ಮೆಟ್ಟಿಲು. ವ್ಯವಹಾರದಲ್ಲಿ ನೆಲೆಯಿಲ್ಲದ್ದಕ್ಕೇ ಮಾತಿನಲ್ಲಿ ಅದು ಬಯ್ಗುಳಕ್ಕೆ ಒದಗಿತು ಎಂದು ನನ್ನ ಊಹೆ. ಹಾಗಿದ್ದೂ ಇದೇ ಬೆಲೆಯಿಲ್ಲದ ವಸ್ತು ಕಾಸರಗೋಡು, ತುಳುನಾಡಿನ ಕಡೆ ಅಷ್ಟಮಂಗಲ ಪ್ರಶ್ನೆಯ ಪೀಠದ ಮೇಲೆ 108ರ ರಾಶಿಯಾಗಿ ಕೂತು ಊರಿನ ದೇವಸ್ಥಾನದ ಹಣೆಬರಹ ಹೇಳುತ್ತದೆ. ಚೌಕಾಬಾರದಲ್ಲಿ ನಾಲ್ಕೂ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲಾದರೆ ಅದಕ್ಕಿಂತ ದೊಡ್ಡ ಗರ. ಇಲ್ಲೂ ಎಲ್ಲ ನಿಂತಿರುವುದು ಆಕಾರದ ಮೇಲೆ: ಒಂದು ಬದಿ ಉಬ್ಬು, ಒಂದು ಬದಿ ಸೀಳು. ಎರಡೂ ಬದಿ ಒಂದೇ ಆಗಿದ್ದರೆ ಆಟವೂ ಇಲ್ಲ, ಪ್ರಶ್ನೆಯೂ ಇಲ್ಲ.

ಆ ಆಕಾರಕ್ಕೇ ಈಗ ಸಂಚಕಾರ ಬಂದಿದೆ. ನಾವು ಸುಡುವ ಕಲ್ಲಿದ್ದಲು, ಎಣ್ಣೆಯಿಂದ ಏಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರುತ್ತದೆ. ಕಡಲ ಮೇಲ್ನೀರಿನ ಪಿಎಚ್ ಕೈಗಾರಿಕೆಯ ಮೊದಲು 8.2ರ ಆಸುಪಾಸಿನಲ್ಲಿದ್ದದ್ದು ಈಗ 8.1ರ ಕಡೆ ಇಳಿದಿದೆ. ಅಂಕಿ ಸಣ್ಣದು, ಆದರೆ ಆ ಮಾಪನದ ರೀತಿಯಲ್ಲಿ ಇದು ಆಮ್ಲೀಯತೆ ಕಾಲುಭಾಗದಷ್ಟು ಏರಿದಂತೆ. ಕಾರ್ಬೊನೇಟ್ ಕಡಿಮೆಯಾದಷ್ಟೂ ಚಿಪ್ಪು ಕಟ್ಟುವುದು ದುಬಾರಿ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅರಬ್ಬೀ ಸಮುದ್ರದ ಪಡುವಣದ ಕಡೆಯ ತೇಲುವ ಫೊರಾಮ್ ಗ್ಲೊಬಿಜೆರಿನಾಯ್ಡಿಸ್ ರೂಬರ್‌ನ ಇಂದಿನ ಚಿಪ್ಪು ಹಳೆಯ ಕೆಸರಿನ ಚಿಪ್ಪಿಗಿಂತ ತೆಳುವೆಂದು ಕಂಡು, ಇದೇ ಕಾರಣವೇ ಎಂದು ಕೇಳಿತು. 2007ರ ಸುಮಾರಿಗೆ ಅಮೆರಿಕದ ಒರೆಗಾನ್ ಕರಾವಳಿಯ ಸಿಂಪಿ ಸಾಕುವ ಕೇಂದ್ರಗಳಲ್ಲಿ ತೇಲುವ ಮರಿಗಳು ಚಿಪ್ಪು ಕಟ್ಟಲಾರದೆ ರಾಶಿ ರಾಶಿ ಸತ್ತವು. ಆಳದಿಂದ ಉಕ್ಕಿ ಬಂದ ಆಮ್ಲೀಯ ನೀರೇ ಅದಕ್ಕೆ ಕಾರಣವೆಂದು ಆಮೇಲೆ ಪತ್ತೆಯಾಯಿತು. ದೊಡ್ಡ ಚಿಪ್ಪಿಗೆ ಬಹಳ ಕಾಲ ಏನೂ ಆಗದಿರಬಹುದು. ಪೆಟ್ಟು ಬೀಳುವುದು ಅಲೆಮಾರಿ ಮರಿಗೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಅಜ್ಜಿಯ ಕಾಲದ ಕವಡಿ ಸರವೋ ಎತ್ತಿನ ಹಳೆಯ ಗೆಜ್ಜೆಪಟ್ಟಿಯೋ ಇದ್ದರೆ ತೆಗೆದು ನೋಡಿ. ಪೋಣಿಸಲು ಬೆನ್ನು ಒಡೆದಿದ್ದರೆ ಒಳಗೆ ಸುರುಳಿಯ ಕಂಬ ಕಾಣುತ್ತದೆ. ಕಪರ್ದ ಎಂಬ ಪದದ ಮೂಲಾರ್ಥಕ್ಕೆ ಅದಕ್ಕಿಂತ ಒಳ್ಳೆಯ ಟಿಪ್ಪಣಿ ಇಲ್ಲ. ಬೆನ್ನು ಉಳಿದಿದ್ದರೆ ಉಂಗುರವಿದೆಯೇ ನೋಡಿ. ಕಿತ್ತಳೆ ಉಂಗುರವಿದ್ದು ಅಂಚು ನಯವಾಗಿದ್ದರೆ ಆನುಲಸ್, ಹಳದಿ ಬಣ್ಣವಿದ್ದು ಪಕ್ಕಗಳಲ್ಲಿ ಗಂಟುಗಂಟಾಗಿ ಕೋನ ಮೂಡಿದ್ದರೆ ಮೊನೆಟಾ. ಅಂಗಾತ ಬಿದ್ದ ಕವಡಿಗೆ, ಬೋರಲು ಬಿದ್ದದ್ದಕ್ಕೆ, ಬೆನ್ನು ಒಡೆದದ್ದಕ್ಕೆ, ಸರದ ನಡುವಿನ ದೊಡ್ಡದಕ್ಕೆ ನಿಮ್ಮೂರಿನ ಹಿರಿಯರು, ಜೋಗತಿಯರು, ಗೊಂಧಳಿಗರು ಏನೆನ್ನುತ್ತಾರೆಂದು ಕೇಳಿ ಬರೆದಿಡಿ. ನಮ್ಮ ನಿಘಂಟುಗಳಲ್ಲಿ ಕವಡೆಯ ಕೆಳಗೆ ಚಿಪ್ಪು, ಕಾಸು ಎಂದು ಬರೆದು ಮುಂದೆ ಹೋಗಿದ್ದಾರೆ. ಗುಡ್ಡದ ಪದಗಳು ಅಲ್ಲಿ ಸೇರಬೇಕು.